ಸ್ವರ ಸಿಕ್ಕಿತು, ನಡೆ ಕಳೆಯಿತು

1994ರಲ್ಲಿ ‘ಚಾಂಟ್’ ಎಂಬ ಹೆಸರಿನ ಸಿ.ಡಿ.ಯೊಂದು ಅಮೆರಿಕದ ಜನಪ್ರಿಯ ಸಂಗೀತದ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೇರಿತು. ಹಾಡಿದವರು ಉತ್ತರ ಸ್ಪೇನಿನ ಸಾಂತೊ ದೊಮಿಂಗೊ ದೆ ಸಿಲೋಸ್ ಮಠದ ಬೆನೆಡಿಕ್ಟೈನ್ ಸನ್ಯಾಸಿಗಳು. ಹಾಡಿದ್ದು ಲ್ಯಾಟಿನ್ ಭಾಷೆಯ ಗ್ರೆಗೋರಿಯನ್ ಗಾಯನ, ಅದೂ ಹಿಂದಿನ ದಶಕಗಳಲ್ಲೇ ಮುದ್ರಿಸಿಕೊಂಡಿದ್ದು. ಲಕ್ಷಗಟ್ಟಲೆ ಪ್ರತಿಗಳು ಖರ್ಚಾದವು. ಮನಸ್ಸಿನ ಒತ್ತಡ ಕಳೆಯುವ ಸಂಗೀತವೆಂದು ಅದನ್ನು ಮಾರಿದರು, ಕೊಂಡವರೂ ಹಾಗೆಯೇ ಕೇಳಿದರು. ಏರುಪೇರಿಲ್ಲದೆ ಒಂದೇ ಹದದಲ್ಲಿ ಸಾಗುವ ಗಂಡುದನಿಗಳು, ಅವುಗಳ ಹಿಂದೆ ಕಲ್ಲುಗೋಡೆಗಳ ಮಾರ್ದನಿ. ಸಾವಿರ ವರ್ಷದ ಹಿಂದೆ ಯುರೋಪು ಹೀಗೆಯೇ ಹಾಡುತ್ತಿತ್ತು ಎಂಬ ನಂಬಿಕೆ ಅಂದಿನಿಂದ ಇನ್ನಷ್ಟು ಬೇರೂರಿದೆ. ಆ ನಂಬಿಕೆಗೆ ಆಧಾರ ತೀರ ಕಡಿಮೆ. ಮಟ್ಟುಗಳು ಹಳೆಯವು ನಿಜ, ಆದರೆ ಅವನ್ನು ಹಾಡುವ ಆ ಬಗೆ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಫ್ರಾನ್ಸಿನ ಒಂದು ಮಠದಲ್ಲಿ ರೂಪುಗೊಂಡದ್ದು. ಹತ್ತನೆಯ ಶತಮಾನದ ಹಸ್ತಪ್ರತಿಗಳು ತೋರಿಸುವ ಗಾಯನವೇ ಬೇರೆ. ಅದು ಒಂದು ಕಡೆ ಓಡುತ್ತದೆ, ಇನ್ನೊಂದು ಕಡೆ ತಡೆದು ನಿಲ್ಲುತ್ತದೆ, ಪದಕ್ಕೆ ತಕ್ಕಂತೆ ಬಿಗಿಯುತ್ತದೆ, ಸಡಿಲುತ್ತದೆ. ಇಂದು ಸಭಿಕರ ಮುಂದೆ ಈ ಗಾಯನವನ್ನು ಹಾಡುವವರು ಕೇಳುಗರಿಗಿರುವ ಶಾಂತಿಯ ಬಯಕೆಗಿಂತ ಆ ಹಸ್ತಪ್ರತಿಗಳಿಗೆ ಹೆಚ್ಚು ಬದ್ಧರಾಗಿರಬೇಕು ಎಂಬುದು ನನ್ನ ವಾದ.

ಮೊದಲಿಗೆ ಈ ಗಾಯನ ಬರವಣಿಗೆಗೆ ಬಂದ ಬಗೆಯನ್ನು ನೋಡಬೇಕು. ಏಳನೆಯ ಶತಮಾನದ ಆರಂಭದಲ್ಲಿ ಸೆವಿಲ್‌ನ ಬಿಷಪ್ ಇಸಿಡೋರ್, ನಾದವನ್ನು ಬರೆದಿಡಲು ಬಾರದು, ನೆನಪಿನಲ್ಲಿ ಉಳಿಯದಿದ್ದರೆ ಅದು ಅಳಿದೇ ಹೋಗುತ್ತದೆ ಎಂದು ದಾಖಲಿಸಿದ್ದ. ಅವನ ಕಾಲಕ್ಕೆ ಅದು ಅಕ್ಷರಶಃ ಸತ್ಯ. ರೋಮಿನ ಗಾಯಕರು ವರ್ಷದುದ್ದಕ್ಕೂ ಬರುವ ನೂರಾರು ಹಾಡುಗಳನ್ನು ಬಾಯಿಂದ ಬಾಯಿಗೆ ಕಲಿಯುತ್ತಿದ್ದರು. 754ರಲ್ಲಿ ಪೋಪ್ ಎರಡನೆಯ ಸ್ಟೀಫನ್ ಫ್ರಾಂಕರ ದೊರೆ ಪೆಪಿನನ ಆಶ್ರಯ ಬಯಸಿ ಆಲ್ಪ್ಸ್ ಪರ್ವತದ ಆಚೆ ಬಂದಿದ್ದಾಗ ಅವನ ಪರಿವಾರದ ಪೂಜೆ, ಗಾಯನಗಳನ್ನು ಫ್ರಾಂಕರು ಹತ್ತಿರದಿಂದ ಕಂಡರು. ರೋಮಿನ ಹಾಗೆ ಹಾಡುವುದು ರಾಜಕೀಯವಾಗಿಯೂ ಬೇಕಾದ ಸಂಗತಿಯಾಯಿತು. ಪೆಪಿನನ ಮಗ ಶಾರ್ಲಮೇನ್ 789ರ ತನ್ನ ಆಜ್ಞೆಯಲ್ಲಿ ಪಾದ್ರಿಗಳೆಲ್ಲ ರೋಮಿನ ಗಾಯನವನ್ನು ಕಲಿಯಲೇಬೇಕೆಂದು ವಿಧಿಸಿದ. ಕಲಿಕೆ ಸುಲಭವಾಗಿರಲಿಲ್ಲ ಎಂಬುದಕ್ಕೆ ಒಂಬತ್ತನೆಯ ಶತಮಾನದ ಜಗಳಗಳೇ ಸಾಕ್ಷಿ. ಉತ್ತರದವರ ಒರಟು ಗಂಟಲಿಗೆ ರೋಮಿನ ನಯ ದಕ್ಕಲಿಲ್ಲವೆಂದು ರೋಮಿನ ಜಾನ್ ಡೀಕನ್ ಹೀಗಳೆದ. ರೋಮಿನಿಂದ ಬಂದ ಹನ್ನೆರಡು ಗಾಯಕರು ಹೊಟ್ಟೆಕಿಚ್ಚಿನಿಂದ ಒಂದೊಂದು ಊರಿನಲ್ಲಿ ಒಂದೊಂದು ಬಗೆಯಾಗಿ ಬೇಕೆಂದೇ ತಪ್ಪು ಕಲಿಸಿದರು ಎಂದು ಸೇಂಟ್ ಗಾಲ್ ಮಠದ ನೊಟ್ಕರ್ ಕಥೆ ಕಟ್ಟಿದ. ಕಥೆ ನಿಜವೋ ಅಲ್ಲವೋ, ಎರಡೂ ಕಡೆಯವರು ಒಪ್ಪುವ ಮಾತು ಒಂದಿದೆ. ರೋಮಿನಲ್ಲಿ ಕೇಳಿದ್ದೂ ಫ್ರಾಂಕರ ನಾಡಿನಲ್ಲಿ ಕೇಳಿದ್ದೂ ಒಂದೇ ಆಗಿರಲಿಲ್ಲ. ನಾವು ಇಂದು ಆರನೆಯ ಶತಮಾನದ ಪೋಪ್ ಗ್ರೆಗೊರಿಯ ಹೆಸರಿನಿಂದ ಕರೆಯುವ ಗಾಯನ ಅವನಾದ ಮೇಲೆ ಸುಮಾರು ಎರಡು ಶತಮಾನ ಕಳೆದು, ಈ ಎರಡು ನಾಡುಗಳ ತಿಕ್ಕಾಟದಲ್ಲಿ ರೂಪ ತಳೆದದ್ದು. ರೋಮಿನಲ್ಲೇ ಉಳಿದ ಹಳೆಯ ಕವಲು 1071ರ ಹೊತ್ತಿಗೆ ಬರೆದಿಟ್ಟ ಪುಸ್ತಕವೂ ಸೇರಿದಂತೆ ಬೆರಳೆಣಿಕೆಯ ಹಸ್ತಪ್ರತಿಗಳಲ್ಲಿ ಸಿಗುತ್ತದೆ. ಅದರ ಮಟ್ಟುಗಳು ಗ್ರೆಗೋರಿಯನ್ ಮಟ್ಟುಗಳಿಗೆ ನಂಟಿರುವಂಥವು, ಆದರೆ ಅವೇ ಅಲ್ಲ.

ಎಂಟು, ಒಂಬತ್ತನೆಯ ಶತಮಾನದ ಅತಿ ಹಳೆಯ ಪುಸ್ತಕಗಳಲ್ಲಿ ಸಾಹಿತ್ಯ ಮಾತ್ರ ಇದೆ, ಸ್ವರದ ಗುರುತೇ ಇಲ್ಲ. ಪೂರ್ತಿ ಪುಸ್ತಕಕ್ಕೆ ಸ್ವರಗುರುತು ಹಾಕುವ ರೂಢಿ ಕಾಣುವುದು 900ರ ಆಸುಪಾಸಿನಲ್ಲಿ. ಈ ಗುರುತುಗಳಿಗೆ ನ್ಯೂಮ್ ಎಂದು ಹೆಸರು. ಅವುಗಳಲ್ಲಿ ಅತ್ಯಂತ ಸೂಕ್ಷ್ಮವಾದ ಬರಹ ಸೇಂಟ್ ಗಾಲ್‌ನಲ್ಲಿ 920ರ ದಶಕದಲ್ಲಿ ಸಿದ್ಧವಾದ ಕಾಂತಾತೋರಿಯಂ. ಇದು ಏಕಗಾಯಕನ ಪುಸ್ತಕ, ಕೈಯಲ್ಲಿ ಹಿಡಿಯಲು ತಕ್ಕ ಹಾಗೆ ಉದ್ದವಾಗಿ, ಕಿರಿದಾಗಿದೆ. ಇದರ ದಂತದ ಹೊದಿಕೆಯ ಮೇಲೆ ಗ್ರೀಕ್ ದೇವತೆ ಡಯೋನೈಸಸ್ ಭಾರತೀಯರೊಡನೆ ಕಾದಾಡುವ ದೃಶ್ಯಗಳಿವೆ. 500ರ ಸುಮಾರಿನ ದಂತದ ಕೆತ್ತನೆಯನ್ನು ಮಠದವರು ಕ್ರೈಸ್ತ ಗಾಯನದ ಪುಸ್ತಕಕ್ಕೆ ರಕ್ಷೆಯಾಗಿಸಿಕೊಂಡಿದ್ದರು. ಪುಟ ತೆರೆದರೆ ಸಾಹಿತ್ಯದ ಸಾಲಿನ ಮೇಲೆ ಕೂದಲೆಳೆಯಂಥ ಗೆರೆಗಳು. ಉದಾಹರಣೆಗೆ ಕೆಳಗಿನಿಂದ ಮೇಲಕ್ಕೆ ಹೋಗುವ ಎರಡು ಸ್ವರಗಳ ಗುರುತಿಗೆ ಪೆಸ್ ಎನ್ನುತ್ತಾರೆ. ಲಿಪಿಕಾರ ಅದರ ಬುಡವನ್ನು ದುಂಡಗೆ ತಿರುವಿ ಬರೆದಿದ್ದರೆ ಎರಡು ಸ್ವರಗಳೂ ಹಗುರಾಗಿ ಸಾಗಬೇಕು. ಅದನ್ನೇ ಬುಡದಲ್ಲಿ ಕೋನ ಮಾಡಿ ಬರೆದಿದ್ದರೆ ಎರಡಕ್ಕೂ ತೂಕ ಕೊಡಬೇಕು. ಗುರುತಿನ ತುದಿಗೆ ಪುಟ್ಟ ಅಡ್ಡಗೆರೆ ಎಳೆದಿದ್ದರೆ ಅಲ್ಲಿ ಹಿಗ್ಗಿಸಬೇಕು. ಇಷ್ಟೂ ಸಾಲದೆಂಬಂತೆ ಲಿಪಿಕಾರ ಅಲ್ಲಲ್ಲಿ ಅಕ್ಷರಗಳನ್ನೂ ಇಟ್ಟಿದ್ದಾನೆ. ‘ಸಿ’ ಎಂದರೆ ಬೇಗ, ‘ಟಿ’ ಎಂದರೆ ಎಳೆದು ಹಿಡಿ, ‘ಎಕ್ಸ್’ ಎಂದರೆ ಕಾಯಿ. ಈ ಅಕ್ಷರಗಳ ಅರ್ಥವನ್ನು ನೊಟ್ಕರ್ ತನ್ನ ಗೆಳೆಯನೊಬ್ಬನಿಗೆ ಬರೆದ ಪತ್ರದಲ್ಲಿ ವಿವರಿಸಿದ್ದಾನೆ, ಆದ್ದರಿಂದ ಇದು ಇಂದಿನ ವಿದ್ವಾಂಸರ ಊಹೆಯಲ್ಲ. ಪದದ ನಡುವೆ ‘ಎಂ’, ‘ಎನ್’, ‘ಎಲ್’ ವ್ಯಂಜನಗಳು ಮುಂದಿನ ವ್ಯಂಜನಕ್ಕೆ ತಾಗುವ ಕಡೆ ಗೆರೆಯನ್ನು ಸುರುಳಿಯಾಗಿಸುವ ರೂಢಿಯೂ ಇತ್ತು. ವ್ಯಂಜನವನ್ನು ನುಂಗದೆ, ಅದಕ್ಕೂ ನಾದ ಕೊಟ್ಟು ದಾಟಬೇಕೆಂದು ಅದರ ಸೂಚನೆ. ಉಚ್ಚಾರದ ಬಗ್ಗೆ ಇಷ್ಟು ಕಾಳಜಿ ವಹಿಸಿದ ಗಾಯಕರು ಮಾತು ಮಸುಕಾಗುವ ಹಾಗೆ ತೇಲಿಸಿ ಹಾಡುತ್ತಿದ್ದರೆಂದು ನಂಬುವುದು ಕಷ್ಟ.

ಆದರೆ ಈ ಬರಹ ಒಂದು ಮುಖ್ಯ ಸಂಗತಿಯನ್ನೇ ಹೇಳುವುದಿಲ್ಲ. ಗೆರೆ ಮೇಲಕ್ಕೆ ಹೋಗುತ್ತದೆ ಎಂದು ತಿಳಿಯುತ್ತದೆ, ಎಷ್ಟು ಮೇಲಕ್ಕೆ ಎಂದು ತಿಳಿಯುವುದಿಲ್ಲ. ಕರ್ನಾಟಕ ಸಂಗೀತ ಬಲ್ಲವರಿಗೆ ಇದರ ಮರ್ಮ ಬೇಗ ಹಿಡಿಯುತ್ತದೆ. ನಮ್ಮ ಕೃತಿಗಳ ಪುಸ್ತಕದಲ್ಲಿ ಸ್ವರ ಇರುತ್ತದೆ, ಗಮಕ ಇರುವುದಿಲ್ಲ, ಇದ್ದರೂ ಅಷ್ಟಕ್ಕಷ್ಟೆ. ತೋಡಿಯನ್ನು ಕೇಳದವರು ಪುಸ್ತಕ ನೋಡಿ ತೋಡಿ ಹಾಡಲಾರರು. ಸೇಂಟ್ ಗಾಲ್‌ನ ಪುಸ್ತಕ ಇದಕ್ಕೆ ತಿರುವುಮುರುವು. ಅಲ್ಲಿ ನಡೆ, ಒತ್ತು, ಸೊಗಸು ಎಲ್ಲ ಬರವಣಿಗೆಯಲ್ಲಿದೆ, ಸ್ವರ ಮಾತ್ರ ಗಾಯಕನ ತಲೆಯಲ್ಲಿದೆ. ಹಾಡನ್ನು ಬಲ್ಲವನಿಗೆಂದೇ ಬರೆದ ಪುಸ್ತಕವದು. ಸುಮಾರು 930ರ ಲಾಂ ನಗರದ ಹಸ್ತಪ್ರತಿಯ ಮಾತೂ ಇದೇ. ಅಲ್ಲಿಯ ಗುರುತುಗಳ ಆಕಾರ ಸೇಂಟ್ ಗಾಲ್‌ನವಕ್ಕಿಂತ ತೀರ ಬೇರೆ. ಅಷ್ಟಾದರೂ ಎಲ್ಲಿ ಬೇಗ, ಎಲ್ಲಿ ನಿಧಾನ ಎಂಬ ವಿಷಯದಲ್ಲಿ ಎರಡೂ ಪುಸ್ತಕಗಳು ಬಹುಮಟ್ಟಿಗೆ ಹೊಂದುತ್ತವೆ. ನೂರಾರು ಮೈಲಿ ದೂರದ ಎರಡು ಊರುಗಳಲ್ಲಿ, ಬೇರೆ ಬೇರೆ ಲಿಪಿಪದ್ಧತಿಯಲ್ಲಿ ಬರೆದವರು ನಡೆಯ ಬಗ್ಗೆ ಹೀಗೆ ಒಪ್ಪಿದ್ದಾರೆಂದರೆ ಆ ನಡೆ ಯಾವನೋ ಒಬ್ಬ ಗಾಯಕನ ಚಪಲವಾಗಿರಲು ಸಾಧ್ಯವಿಲ್ಲ. ನನ್ನ ವಾದ ನಿಂತಿರುವುದು ಮುಖ್ಯವಾಗಿ ಈ ಒಪ್ಪಿಗೆಯ ಮೇಲೆ.

ಸ್ವರದ ಕೊರತೆಯನ್ನು ನೀಗಿಸಿದವನು ಇಟಲಿಯ ಅರೆಜ್ಜೊದ ಗೀಡೊ. 1030ರ ಆಸುಪಾಸಿನಲ್ಲಿ ಅವನು ಗೆರೆಗಳನ್ನು ಎಳೆದು, ಗೆರೆಗೊಂದು, ಗೆರೆಗಳ ನಡುವಿನ ಎಡೆಗೊಂದು ಸ್ವರವನ್ನು ಗೊತ್ತುಮಾಡಿದ. ಹತ್ತು ವರ್ಷ ಹಿಡಿಯುತ್ತಿದ್ದ ಕಲಿಕೆಯನ್ನು ಒಂದೆರಡು ವರ್ಷಕ್ಕೆ ಇಳಿಸಿದೆನೆಂದು ಅವನು ಹೇಳಿಕೊಂಡ. ಪೋಪ್ ಹತ್ತೊಂಬತ್ತನೆಯ ಜಾನ್ ಅವನನ್ನು ಕರೆಸಿ, ಎಂದೂ ಕೇಳದ ಹಾಡಿನ ಒಂದು ಸಾಲನ್ನು ತಾನೇ ಪುಸ್ತಕ ನೋಡಿ ಹಾಡಿ ಬೆರಗಾದನಂತೆ. ಗೀಡೊ ಸಾಧಿಸಿದ್ದು ದೊಡ್ಡದು. ಇಂದು ಈ ಗಾಯನದ ಮಟ್ಟುಗಳು ನಮ್ಮ ಕೈಗೆ ಸಿಕ್ಕಿರುವುದು ಮುಖ್ಯವಾಗಿ ಅವನ ಗೆರೆಗಳಿಂದಲೇ. ಆದರೆ ಅದಕ್ಕೆ ಬೆಲೆ ತೆರಬೇಕಾಯಿತು. ಗೆರೆಯ ಮೇಲೆ ಕೂರಬೇಕಾದ ಗುರುತು ಬಿಗಿಯಾಗಬೇಕು, ಸ್ಪಷ್ಟವಾಗಬೇಕು. ಕ್ರಮೇಣ ಗುರುತುಗಳು ಚೌಕಗಳಾದವು. ದುಂಡಗಿನ ಪೆಸ್, ಕೋನದ ಪೆಸ್ ಎರಡೂ ಒಂದರ ಮೇಲೊಂದು ಕೂತ ಎರಡು ಚೌಕಗಳಾಗಿ ಒಂದೇ ಆಗಿಹೋದವು. ಬೇಗ, ನಿಧಾನದ ಅಕ್ಷರಗಳು ಉದುರಿದವು. ಸ್ವರ ತಿಳಿದವರು ಹೆಚ್ಚಿದರು, ನಡೆ ಬಲ್ಲವರು ಇಲ್ಲವಾದರು. 1614–15ರಲ್ಲಿ ರೋಮಿನ ಮೆದಿಚಿ ಮುದ್ರಣಾಲಯದಿಂದ ಬಂದ ಪುಸ್ತಕದಲ್ಲಂತೂ ಉದ್ದನೆಯ ಸ್ವರಮಾಲೆಗಳನ್ನು ವಿಕಾರವೆಂದು ತಿಳಿದು ಕತ್ತರಿಸಿ ಎಸೆದಿದ್ದರು. ಹತ್ತೊಂಬತ್ತನೆಯ ಶತಮಾನದ ಹಲವು ಚರ್ಚುಗಳಲ್ಲಿ ಕೇಳಿಬರುತ್ತಿದ್ದದ್ದು ಹೀಗೆ ಮೊಟಕಾದ ಮಟ್ಟುಗಳೇ, ಅದೂ ಒಂದೊಂದು ಸ್ವರವನ್ನು ಗುದ್ದಿ ಗುದ್ದಿ, ಭಾರವಾಗಿ.

ಈ ದುರವಸ್ಥೆಯಿಂದ ಗಾಯನವನ್ನು ಎತ್ತಿದವರು ಫ್ರಾನ್ಸಿನ ಸೊಲೆಮ್ ಮಠದವರು. ಫ್ರೆಂಚ್ ಕ್ರಾಂತಿಯಲ್ಲಿ ಖಾಲಿಯಾಗಿದ್ದ ಆ ಮಠದಲ್ಲಿ ಪ್ರೊಸ್ಪೆರ್ ಗೆರಾಂಜೆ 1833ರಲ್ಲಿ ಮತ್ತೆ ದೀಪ ಹಚ್ಚಿದ. ಮಠದ ಪೊತಿಯೆ ಹಸ್ತಪ್ರತಿಗಳನ್ನು ನಕಲು ಮಾಡಿ 1883ರಲ್ಲಿ ಪೂರ್ಣ ಮಟ್ಟುಗಳ ಪುಸ್ತಕ ತಂದ. ಇವರು ಮಾಡಿದ್ದು ಸರಿಯೇ ಎಂದು ಕೇಳಿದವರಿಗೆ ಅದೇ ಮಠದ ಆಂದ್ರೆ ಮೊಕ್ರೊ ಕೊಟ್ಟ ಉತ್ತರ ಫೋಟೊ. 1889ರಿಂದ ಹಸ್ತಪ್ರತಿಗಳ ಛಾಯಾಚಿತ್ರಗಳನ್ನು ಸಂಪುಟಗಳಾಗಿ ಅಚ್ಚು ಹಾಕಿಸಿದ. ಒಂದೇ ಒಂದು ಹಾಡನ್ನು ಆರಿಸಿಕೊಂಡು, ಬೇರೆ ಬೇರೆ ನಾಡುಗಳ ಇನ್ನೂರಕ್ಕೂ ಹೆಚ್ಚು ಹಸ್ತಪ್ರತಿಗಳಲ್ಲಿ ಅದು ಹೇಗಿದೆಯೆಂದು ಪುಟದ ಮೇಲೆ ಪುಟ ತೋರಿಸಿದ. ಎಲ್ಲದರಲ್ಲೂ ಮಟ್ಟು ಹೆಚ್ಚುಕಡಿಮೆ ಒಂದೇ. ಮೆದಿಚಿ ಆವೃತ್ತಿಯ ಪರ ವಕಾಲತ್ತು ವಹಿಸಿದವರಿಗೆ ಮಾತೇ ಉಳಿಯಲಿಲ್ಲ. 1903ರಲ್ಲಿ ಪೋಪ್ ಹತ್ತನೆಯ ಪಯಸ್ ಈ ಗಾಯನಕ್ಕೆ ಧರ್ಮಸಭೆಯಲ್ಲಿ ಅಗ್ರಸ್ಥಾನ ಕೊಟ್ಟ, 1908ರಲ್ಲಿ ವ್ಯಾಟಿಕನ್ನಿನ ಅಧಿಕೃತ ಪುಸ್ತಕ ಬಂತು. ಇಷ್ಟು ದೊಡ್ಡ ವಿದ್ವತ್ತಿನ ಕೆಲಸ ನಡೆಯ ವಿಷಯಕ್ಕೆ ಬಂದಾಗ ದಾರಿ ಬದಲಿಸಿತು. ಮೊಕ್ರೊ ಸೇಂಟ್ ಗಾಲ್‌ನ ಸೂಚನೆಗಳಲ್ಲಿ ಕೆಲವನ್ನು ತನ್ನ ಪುಸ್ತಕಗಳಿಗೆ ಸೇರಿಸಿಕೊಂಡ ನಿಜ. ಆದರೆ ಸ್ವರಗಳೆಲ್ಲ ಮೂಲತಃ ಸಮಾನ ಅಳತೆಯವು, ಅವು ಎರಡೆರಡು ಮೂರುಮೂರಾಗಿ ಗುಂಪುಗೂಡಿ ಸಾಗುತ್ತವೆ ಎಂಬ ಸಿದ್ಧಾಂತವನ್ನು ಕಟ್ಟಿದ. ಈ ಗುಂಪುಗಳು ಪದದ ಒತ್ತಿಗೂ ನ್ಯೂಮಿನ ಆಕಾರಕ್ಕೂ ಎಷ್ಟೋ ಕಡೆ ಹೊಂದುವುದಿಲ್ಲ. ದೊಡ್ಡ ಗಾಯಕವೃಂದಗಳಿಗೆ, ಶಾಲಾಮಕ್ಕಳಿಗೆ ಕಲಿಸಲು ಅದು ಅನುಕೂಲವಾಗಿತ್ತು, ಗುದ್ದಿ ಹಾಡುವ ಚಾಳಿಗೆ ಒಳ್ಳೆಯ ಮದ್ದೂ ಆಗಿತ್ತು. 1930ರಲ್ಲಿ ಸೊಲೆಮ್ ಸನ್ಯಾಸಿಗಳ ಗಾಯನ ಗ್ರಾಮಫೋನ್ ತಟ್ಟೆಗಳಲ್ಲಿ ಮುದ್ರಣವಾದ ಮೇಲೆ ಆ ನುಣುಪು ಜಗತ್ತಿನ ಕಿವಿಗೆ ಇಳಿಯಿತು. ಸಿಲೋಸ್ ಮಠವನ್ನು 1880ರಲ್ಲಿ ಮತ್ತೆ ತೆರೆದವರು ಸೊಲೆಮ್ ಪರಂಪರೆಯ ಫ್ರೆಂಚ್ ಸನ್ಯಾಸಿಗಳೇ. 1994ರ ಸಿ.ಡಿ.ಯಲ್ಲಿ ಲಕ್ಷಾಂತರ ಜನ ಕೇಳಿದ್ದು ಈ ದಾರಿಯಲ್ಲಿ ಬಂದ ದನಿಯನ್ನು.

ಇದನ್ನು ತಿದ್ದುವ ಕೆಲಸವೂ ಅದೇ ಮಠದ ಒಳಗಿನಿಂದ ಬಂತು ಎಂಬುದು ಸೊಲೆಮ್‌ನ ಹಿರಿಮೆ. ಅಲ್ಲಿಯ ಯುಜೀನ್ ಕಾರ್ದಿನ್ ರೋಮಿನಲ್ಲಿ ಪಾಠ ಹೇಳುತ್ತ ಒಂದೊಂದು ನ್ಯೂಮಿನ ಒಂದೊಂದು ಆಕಾರವನ್ನೂ ನೂರಾರು ಸಂದರ್ಭಗಳಲ್ಲಿ ಹೋಲಿಸಿ ನೋಡಿದ, 1968ರಲ್ಲಿ ಅದರ ಫಲವನ್ನು ಪುಸ್ತಕವಾಗಿ ಪ್ರಕಟಿಸಿದ. 1979ರಲ್ಲಿ ಬಂದ ‘ಗ್ರಾದುಆಲೆ ಟ್ರಿಪ್ಲೆಕ್ಸ್’ ಪುಸ್ತಕದಲ್ಲಿ ನಡುವೆ ಚೌಕ ಸ್ವರಗಳಿವೆ, ಅವುಗಳ ಮೇಲೆ ಲಾಂ ಹಸ್ತಪ್ರತಿಯ ನ್ಯೂಮುಗಳು ಕಪ್ಪಿನಲ್ಲಿ, ಕೆಳಗೆ ಸೇಂಟ್ ಗಾಲ್ ಕುಟುಂಬದ ನ್ಯೂಮುಗಳು ಕೆಂಪಿನಲ್ಲಿ. ಸ್ವರ ಒಂದು ಕಾಲದ್ದು, ನಡೆ ಇನ್ನೊಂದು ಕಾಲದ್ದು, ಎರಡೂ ಗಾಯಕನ ಕಣ್ಣಿಗೆ ಒಟ್ಟಿಗೆ ಬೀಳುತ್ತವೆ. ಇಲ್ಲಿ ಏಳುವ ಮೊದಲ ಆಕ್ಷೇಪ ಗಟ್ಟಿಯಾದದ್ದೇ. ನ್ಯೂಮುಗಳನ್ನು ಓದುವವರೇ ತಮ್ಮತಮ್ಮಲ್ಲಿ ಒಪ್ಪಿಲ್ಲವಲ್ಲ, ಮತ್ತೆ ಯಾರನ್ನು ನಂಬುವುದು? ಉದ್ದ ಸ್ವರ ಗಿಡ್ಡ ಸ್ವರದ ಸರಿಯಾಗಿ ಎರಡರಷ್ಟು ಎಂದು ಯಾನ್ ವೊಲಾರ್ಟ್ಸ್ 1958ರಲ್ಲಿ ವಾದಿಸಿದ್ದ. ಕಾರ್ದಿನ್ ಅಂಥ ಗಣಿತವನ್ನು ಒಪ್ಪದೆ, ವ್ಯತ್ಯಾಸ ಮಾತಿನ ಸಹಜ ಏರಿಳಿತದಷ್ಟು ಸೂಕ್ಷ್ಮ ಎಂದ. ಜಗಳ ಇನ್ನೂ ಮುಗಿದಿಲ್ಲ. ಆದರೆ ಇಬ್ಬರೂ ಕಾದಾಡುತ್ತಿರುವುದು ವ್ಯತ್ಯಾಸ ಎಷ್ಟು ಎಂಬುದರ ಮೇಲೆ. ವ್ಯತ್ಯಾಸವೇ ಇಲ್ಲವೆಂದು ಇಬ್ಬರೂ ಹೇಳುವುದಿಲ್ಲ. ಅಳತೆ ಖಚಿತವಿಲ್ಲವೆಂದು ಎಲ್ಲವನ್ನೂ ಸಮ ಮಾಡಿ ಹಾಡಿದರೆ, ಸಾಕ್ಷ್ಯ ಯಾವುದನ್ನು ಸ್ಪಷ್ಟವಾಗಿ ತಳ್ಳಿಹಾಕುತ್ತದೋ ಅದೊಂದನ್ನೇ ಆರಿಸಿಕೊಂಡ ಹಾಗಾಗುತ್ತದೆ.

ಎರಡನೆಯ ಆಕ್ಷೇಪ ಭಕ್ತರದು. ಇದು ಪ್ರಾರ್ಥನೆ, ಟಿಕೆಟ್ ಕೊಟ್ಟು ಕೇಳುವ ಕಛೇರಿಯಲ್ಲ. ಪ್ರಾರ್ಥನೆಗೆ ಶಾಂತ ನಡೆಯೇ ಒಪ್ಪುತ್ತದೆ. ಈ ಮಾತಿನ ಹಿಂದಿನ ಗೌರವವನ್ನು ಅಲ್ಲಗಳೆಯಲಾರೆ. ಆದರೆ ಹತ್ತನೆಯ ಶತಮಾನದ ಪ್ರಾರ್ಥನೆ ನಮ್ಮ ಕಾಲದ ಧ್ಯಾನದ ಕಲ್ಪನೆಗೆ ಹೊಂದಬೇಕೆಂಬ ನಿಯಮವೇನೂ ಇಲ್ಲ. ಬಲಿಪೂಜೆಯಲ್ಲಿ ವಾಚನದ ನಂತರ ಬರುವ ಗ್ರಾದುಆಲೆಯಂಥ ಹಾಡು ನುರಿತ ಏಕಗಾಯಕ ಎತ್ತರದ ಪೀಠದ ಮೆಟ್ಟಿಲ ಮೇಲೆ ನಿಂತು ಹಾಡುತ್ತಿದ್ದದ್ದು. ಉಳಿದವರು ಕೇಳುತ್ತಿದ್ದರು. ಕಾಂತಾತೋರಿಯಂ ಪುಸ್ತಕ ಹುಟ್ಟಿದ್ದೇ ಅಂಥವನಿಗಾಗಿ. ಅದರ ‘ಬೇಗ’, ‘ತಡೆ’ ಸೂಚನೆಗಳು ಕೇಳುಗರ ಮನಸ್ಸನ್ನು ಹಿಡಿಯಬಲ್ಲ ಗಾಯಕನ ವಿದ್ಯೆ. ಮಾರ್ದನಿಯ ಮಾತೂ ಹೀಗೆಯೇ. ಈ ಗಾಯನವೆಂದರೆ ಎತ್ತರದ ಕಲ್ಲಿನ ಕಮಾನುಗಳ ಕೆಳಗೆ ತೇಲುವ ನಾದ ಎಂಬ ಚಿತ್ರ ನಮ್ಮ ಕಣ್ಣಿನಲ್ಲಿ ಕೂತಿದೆ. ಗಾಥಿಕ್ ಕಮಾನುಗಳು ತಲೆಯೆತ್ತಿದ್ದು 1140ರ ಸುಮಾರಿಗೆ, ಪ್ಯಾರಿಸ್ ಬಳಿಯ ಸೇಂಟ್ ಡೆನಿಸ್‌ನಲ್ಲಿ. ಈ ಮಟ್ಟುಗಳು ರೂಪುಗೊಂಡ ಶಾರ್ಲಮೇನನ ಕಾಲದ ಚರ್ಚುಗಳ ಪಡಸಾಲೆಗೆ ಸಾಮಾನ್ಯವಾಗಿ ಮರದ ಮಾಡು ಇರುತ್ತಿತ್ತು. ಅಲ್ಲಿ ಪದ ಕರಗಿಹೋಗದೆ ಕಿವಿಗೆ ತಲುಪುತ್ತಿತ್ತು. ಇನ್ನು ಪ್ರಾರ್ಥನೆಯನ್ನು ವೇದಿಕೆಗೆ ತರಬಾರದು ಎಂಬುದಕ್ಕೆ ಇತಿಹಾಸವೇ ಉತ್ತರ ಹೇಳಿದೆ. ಎರಡನೆಯ ವ್ಯಾಟಿಕನ್ ಸಭೆ 1963ರಲ್ಲಿ ಗ್ರೆಗೋರಿಯನ್ ಗಾಯನಕ್ಕೆ ಕಾಗದದ ಮೇಲೆ ಪ್ರಮುಖ ಸ್ಥಾನವನ್ನೇ ಕೊಟ್ಟಿತು. ಆದರೆ ಪೂಜೆ ಜನರ ಭಾಷೆಗೆ ಬಂದ ಮೇಲೆ ಊರಿನ ಚರ್ಚುಗಳಿಂದ ಅದು ಬಹುಮಟ್ಟಿಗೆ ಮರೆಯಾಯಿತು. ಕರ್ನಾಟಕದ ಕಥೋಲಿಕ ಚರ್ಚುಗಳಲ್ಲಿ ಲ್ಯಾಟಿನ್ ಪೂಜೆಯ ಜಾಗಕ್ಕೆ ಕನ್ನಡ, ಕೊಂಕಣಿ ಬಂದದ್ದೂ ಆ ಸಭೆಯ ನಂತರವೇ. ಅದು ಆಗಬೇಕಾಗಿದ್ದ ಬದಲಾವಣೆ, ಅದರ ಬಗ್ಗೆ ದೂರಿಲ್ಲ. ಅದಾದ ಮೇಲೆ ಕೆಲವು ಮಠಗಳನ್ನು ಬಿಟ್ಟರೆ ಈ ಹಾಡುಗಳಿಗೆ ಉಳಿದಿರುವ ನೆಲೆ ಮುಖ್ಯವಾಗಿ ಕಛೇರಿ ಮತ್ತು ಧ್ವನಿಮುದ್ರಣ. ಅಲ್ಲಿಯೂ ಬೇಡವೆಂದರೆ ಎಲ್ಲಿಯೂ ಬೇಡವೆಂದಂತೆಯೇ.

ಮೂರನೆಯದು ನನಗೆ ಹೆಚ್ಚು ತೊಡಕಿನ ಪ್ರಶ್ನೆ, ಕಂಠದ ಪ್ರಶ್ನೆ. ಸ್ವರವೂ ಸಿಕ್ಕಿತು, ನಡೆಯೂ ಸಿಕ್ಕಿತು ಎಂದುಕೊಳ್ಳೋಣ. ದನಿ ಹೇಗಿತ್ತು? ಯಾವ ಹಸ್ತಪ್ರತಿಯೂ ಅದನ್ನು ಹೇಳುವುದಿಲ್ಲ. 1982ರಲ್ಲಿ ಫ್ರಾನ್ಸಿನಲ್ಲಿ ‘ಆನ್ಸಾಂಬ್ಲ್ ಆರ್ಗಾನಮ್’ ತಂಡ ಕಟ್ಟಿದ ಮಾರ್ಸೆಲ್ ಪೆರೆಸ್ ಇದಕ್ಕೆ ಬಾಳುತ್ತಿರುವ ಪರಂಪರೆಗಳಲ್ಲಿ ಉತ್ತರ ಹುಡುಕಿದ. ಹಳೆಯ ರೋಮಿನ ಮಟ್ಟುಗಳನ್ನು ಹಾಡಲು ಗ್ರೀಕ್ ಚರ್ಚಿನ ಪ್ರಸಿದ್ಧ ಗಾಯಕ ಲಿಕೂರ್ಗೊಸ್ ಆಂಜೆಲೊಪೌಲೊಸ್‌ನನ್ನು ಕರೆತಂದ, ಮುಂದೆ ಕಾರ್ಸಿಕಾ ದ್ವೀಪದ ಗಾಯಕರ ಜೊತೆಗೂ ಕೆಲಸ ಮಾಡಿದ. ಎದೆಯಾಳದ ದನಿ, ನಡುಗುವ ಅಲಂಕಾರಗಳು, ಕೆಳಗೆ ಬಿಡದೆ ಹಿಡಿದ ಶ್ರುತಿ. ಮೊದಲ ಸಲ ಕೇಳಿದವರಿಗೆ ಇದು ಯುರೋಪೇ ಅಲ್ಲ ಎನ್ನಿಸುತ್ತದೆ. ಹನ್ನೊಂದನೆಯ ಶತಮಾನದ ರೋಮಿನ ಪುಸ್ತಕಗಳಲ್ಲಿ ಆ ಶ್ರುತಿಯನ್ನು ಬರೆದಿಲ್ಲ, ಆ ನಡುಕವನ್ನೂ ಬರೆದಿಲ್ಲ ಎಂದು ವಿಮರ್ಶಕರು ಹಿಡಿದ ತಪ್ಪು ಸರಿಯಾಗಿಯೇ ಇದೆ. ಗ್ರೀಕರ ಇಂದಿನ ಗಾಯನವೂ ಶತಮಾನಗಳಲ್ಲಿ ಬದಲಾಗಿ ಬಂದದ್ದು. ಆದರೂ ಪೆರೆಸ್ ಮಾಡಿದ ಕೆಲಸ ದೊಡ್ಡದೆಂದು ನನ್ನ ಅಭಿಪ್ರಾಯ. ಇಂಗ್ಲಿಷ್ ಕಾಲೇಜುಗಳ ಚರ್ಚ್ ಗಾಯಕರ ತಿಳಿಯಾದ, ನಡುಕವಿಲ್ಲದ ದನಿಯನ್ನು ಯಾರೂ ಊಹೆ ಎಂದು ಕರೆಯುವುದಿಲ್ಲ, ಅದು ಕಿವಿಗೆ ರೂಢಿಯಾಗಿದೆ ಅಷ್ಟೆ. ಹತ್ತನೆಯ ಶತಮಾನದ ಮಟ್ಟಿಗೆ ಅದೂ ಅಷ್ಟೇ ದೊಡ್ಡ ಊಹೆ. ಪೆರೆಸ್‌ನ ಊಹೆ ಕಣ್ಣಿಗೆ ಕಾಣುತ್ತದೆ, ಇನ್ನೊಂದು ಕಾಣುವುದಿಲ್ಲ. ಎರಡರಲ್ಲಿ ಕೇಳುಗರನ್ನು ದಾರಿ ತಪ್ಪಿಸುವ ಸಾಧ್ಯತೆ ಹೆಚ್ಚಿರುವುದು ಕಾಣದ್ದಕ್ಕೆ.

ಹಾಗೆಂದು ಊಹೆಗೆ ಮಿತಿಯೇ ಇಲ್ಲವೆಂದಲ್ಲ. ಆ ಮಿತಿ ಎಲ್ಲಿದೆಯೆಂದು ತೋರಿಸುವುದು ಸ್ಪೇನಿನ ಸ್ವಂತ ಗಾಯನ. ಹನ್ನೊಂದನೆಯ ಶತಮಾನದ ಕೊನೆಯಲ್ಲಿ ರೋಮಿನ ಪದ್ಧತಿಯನ್ನು ಹೇರುವವರೆಗೂ ಸ್ಪೇನಿನ ಕ್ರೈಸ್ತರಿಗೆ ತಮ್ಮದೇ ಪೂಜಾವಿಧಿ, ತಮ್ಮದೇ ಹಾಡುಗಳು ಇದ್ದವು. ಲೆಯೋನ್ ಕಥೀಡ್ರಲ್ಲಿನ ಹತ್ತನೆಯ ಶತಮಾನದ ಪುಸ್ತಕದಲ್ಲಿ ಆ ಹಾಡುಗಳಿಗೆ ಪುಟಪುಟವೂ ತುಂಬುವಂತೆ ನ್ಯೂಮುಗಳಿವೆ. ಸಿಲೋಸ್ ಮಠದಲ್ಲೂ ಅಂಥ ಅಮೂಲ್ಯ ಹಸ್ತಪ್ರತಿಗಳಿದ್ದವು, ಹತ್ತೊಂಬತ್ತನೆಯ ಶತಮಾನದಲ್ಲಿ ಅವುಗಳಲ್ಲಿ ಹಲವು ಲಂಡನ್, ಪ್ಯಾರಿಸ್‌ಗಳ ಗ್ರಂಥಾಲಯ ಸೇರಿದವು. ಆದರೆ ಗೀಡೊನ ಗೆರೆಗಳು ಅಲ್ಲಿಗೆ ತಲುಪುವ ಮೊದಲೇ ಆ ಪರಂಪರೆಯನ್ನು ನಿಲ್ಲಿಸಿದ್ದರಿಂದ ಸ್ವರ ಉಳಿಯಲಿಲ್ಲ. ಓದಲು ಬರುವ ಮಟ್ಟುಗಳು ತೀರ ಕೆಲವೇ. ಉಳಿದ ಹಾಡುಗಳಲ್ಲಿ ಎಷ್ಟು ಸ್ವರ, ಎಲ್ಲಿ ಏರು, ಎಲ್ಲಿ ಇಳಿತ ಎಂಬುದೆಲ್ಲ ಗೊತ್ತು, ಹಾಡು ಮಾತ್ರ ಗೊತ್ತಿಲ್ಲ. ಇಲ್ಲಿ ಗಾಯಕ ತಾನೇ ಸ್ವರ ಹಾಕಿಕೊಂಡು ಹಾಡಬಹುದು, ಹಾಡಲಿ. ಅದನ್ನು ಹತ್ತನೆಯ ಶತಮಾನದ ಹಾಡೆಂದು ಪ್ರಕಟಿಸಬಾರದು. ಗ್ರೆಗೋರಿಯನ್ ಗಾಯನದ ಸ್ಥಿತಿ ಹೀಗಿಲ್ಲ. ಅಲ್ಲಿ ಸ್ವರಕ್ಕೆ ಒಂದು ಸಾಕ್ಷಿ, ನಡೆಗೆ ಇನ್ನೊಂದು ಸಾಕ್ಷಿ ಇದೆ, ಖಾಲಿ ಇರುವುದು ಕಂಠ ಮಾತ್ರ. ಕಾರ್ಯಕ್ರಮದ ಪುಸ್ತಿಕೆಯಲ್ಲಿ ಈ ಮೂರನ್ನೂ ಬೇರೆಬೇರೆಯಾಗಿ ಹೇಳಲು ನಾಲ್ಕು ಸಾಲು ಸಾಕು. ಮಟ್ಟು ಯಾವ ಹಸ್ತಪ್ರತಿಯದು, ನಡೆ ಯಾವುದರದು, ದನಿ ಯಾರ ಆಯ್ಕೆ ಎಂದು ತಿಳಿದು ಕೂತ ಕೇಳುಗರ ಕಿವಿ ಚುರುಕಾಗುತ್ತದೆ. ‘ಪ್ರಾಚೀನ ಶಾಂತಿ’ ಎಂಬ ಎರಡು ಪದಗಳ ಜಾಹೀರಾತು ಅದನ್ನು ಮಂಕು ಮಾಡುತ್ತದೆ. ಹಾಡುಗಳನ್ನು ಪೋಣಿಸುವಾಗ ವಾಚನ, ಮೆರವಣಿಗೆ, ಮೌನ ಇವುಗಳಿಗೂ ಸ್ವಲ್ಪ ಜಾಗ ಕೊಟ್ಟರೆ ಇನ್ನೂ ಒಳ್ಳೆಯದು. ಬಲಿಪೂಜೆಯ ಆರಂಭದ ಹಾಡು ಪಾದ್ರಿ ನಡೆದುಬರುವಾಗ ಹಾಡುವಂಥದ್ದು, ವಾಚನದ ನಂತರದ ಹಾಡು ಕೂತು ಕೇಳುವಂಥದ್ದು. ಎರಡನ್ನೂ ಒಂದೇ ಭಂಗಿಯಲ್ಲಿ, ಒಂದೇ ವೇಗದಲ್ಲಿ, ಒಂದರ ಹಿಂದೊಂದು ಹಾಡಿ ಮುಗಿಸಿದರೆ ನ್ಯೂಮುಗಳಲ್ಲಿರುವ ವ್ಯತ್ಯಾಸ ಕೇಳುಗರಿಗೆ ಕಾಣುವುದೇ ಇಲ್ಲ.

ಸೊಲೆಮ್ ಶೈಲಿಯನ್ನು ಹೀಗೆ ಒರೆಗೆ ಹಚ್ಚುವುದು ಆ ಮಠದವರಿಗೆ ಮಾಡುವ ಅಗೌರವ ಎಂಬ ಮಾತನ್ನೂ ಕೇಳುತ್ತೇವೆ. ಮೊಕ್ರೊನ ಸಂಪುಟಗಳನ್ನು ತೆರೆದರೆ ಆ ಮಾತು ನಿಲ್ಲುವುದಿಲ್ಲ. ತನ್ನ ಸಿದ್ಧಾಂತವನ್ನು ಬೇರೆಯವರು ಅಳೆದು ನೋಡಲು ಬೇಕಾದ ಸಾಕ್ಷ್ಯವನ್ನೆಲ್ಲ ಅವನೇ ಅಚ್ಚು ಹಾಕಿಸಿದ್ದ. ಶಾರ್ತ್ರ್ ನಗರದ ಗ್ರಂಥಾಲಯದಲ್ಲಿ 47ನೆಯ ಸಂಖ್ಯೆಯ ಹಸ್ತಪ್ರತಿಯೊಂದಿತ್ತು. ಅದು ಬ್ರಿಟನಿ ಪ್ರಾಂತದ ನ್ಯೂಮುಗಳಲ್ಲಿ ಬರೆದ, ನಡೆಯ ಸೂಚನೆಗಳಲ್ಲಿ ಲಾಂ, ಸೇಂಟ್ ಗಾಲ್‌ಗಳ ಪಕ್ಕದಲ್ಲಿ ನಿಲ್ಲುವ ಪುಸ್ತಕ. ಸೊಲೆಮ್‌ನವರು 1912ರಲ್ಲಿ ಅದರ ಪುಟಗಳ ಛಾಯಾಚಿತ್ರಗಳನ್ನು ಪ್ರಕಟಿಸಿದರು. 1944ರ ಬಾಂಬ್ ದಾಳಿಯಲ್ಲಿ ಗ್ರಂಥಾಲಯದ ಜೊತೆಗೆ ಮೂಲ ಪ್ರತಿ ಸುಟ್ಟುಹೋಯಿತು. ಸಮ ಅಳತೆಯ ನಡೆ ತಪ್ಪೆಂದು ತೋರಿಸಲು ಇಂದು ಶಾರ್ತ್ರ್‌ನ ಸಾಕ್ಷ್ಯ ಬೇಕಾದವರು ಬಿಡಿಸಿ ನೋಡುವುದು ಮೊಕ್ರೊನ ಆ ಸಂಪುಟವನ್ನೇ.